ಬೀಳಗಿಯ ಅಮೀರಬಾಯಿ

ಉತ್ತರ ಕರ್ನಾಟಕದ ಸಂಗೀತದ ಇತಿಹಾಸ ಅಂದ ಕೂಡಲೇ ನಮ್ಮ ಪಂಡಿತರು ಬೆರಳು ಮಡಚಿ ಎಣಿಸಲು ಸುರು ಮಾಡುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರು, ಗದಗಿನ ಪಂಚಾಕ್ಷರಿ ಗವಾಯಿಗಳು, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಭೀಮಸೇನ ಜೋಶಿ. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಾಗ ಗಂಗೂಬಾಯಿ ಹಾನಗಲ್ಲ. ಇವರ್ಯಾರ ದೊಡ್ಡತನದ ಬಗ್ಗೆಯೂ ನಮ್ಮ ತಕರಾರಿಲ್ಲ. ನಮ್ಮ ತಕರಾರು ಇರುವುದು ಎಣಿಸುವ ಕೈಯ ಬಗ್ಗೆ. ಆ ಕೈಗೆ ಬೀಳಗಿ ಎಂಬ ಊರು ನೆನಪಾಗುವುದಿಲ್ಲ. ಲಾಹೋರದಿಂದ ಕಲಕತ್ತೆಯ ತನಕ ಚಾದಂಗಡಿಯ ಗ್ರಾಮಫೋನಿನಲ್ಲಿ ಕೂಗಿ ಕೂಗಿ ನಮ್ಮ ನಾಡಿನ ಹೆಸರನ್ನು ಹಂಚಿದ ಒಬ್ಬ ಹೆಣ್ಣುಮಗಳು ನೆನಪಾಗುವುದಿಲ್ಲ. ಅಮೀರಬಾಯಿ ಕರ್ನಾಟಕಿ. ತನ್ನ ಹೆಸರಿನ ಕೊನೆಗೆ ಅಪ್ಪನ ಹೆಸರಿಲ್ಲ, ಗಂಡನ ಹೆಸರಿಲ್ಲ, ಜಾತಿಯ ಹೆಸರಿಲ್ಲ. ಇರುವುದು ನಾಡಿನ ಹೆಸರು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡುವುದಕ್ಕೆ ನಲವತ್ತು ವರ್ಷ ಮೊದಲೇ ಈ ಹೆಂಗಸು ಆ ಹೆಸರನ್ನು ರೆಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡುತ್ತಿದ್ದಳು.

ಬಾಗಲಕೋಟೆಯಿಂದ ಹೊರಟು ಅನಗವಾಡಿಯ ಹತ್ತಿರ ಘಟಪ್ರಭೆ ದಾಟಿದರೆ ಬೀಳಗಿ ಸೀಮೆ. ಆಚೆ ಕೃಷ್ಣೆ, ಈಚೆ ಘಟಪ್ರಭೆ, ನಡುವೆ ಎರಿ ಹೊಲ, ಕಲ್ಲು ಗುಡ್ಡ. ಈಗ ಆಲಮಟ್ಟಿಯ ಹಿನ್ನೀರು ಬಂದು ಎಷ್ಟೋ ಊರುಗಳನ್ನು ನುಂಗಿದೆ, ಹಳೆಯ ಬಾಗಲಕೋಟೆಯ ಓಣಿಗಳನ್ನೂ ಬಿಟ್ಟಿಲ್ಲ. ಆಗ ಇದೆಲ್ಲ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇಪ್ಪತ್ತನೆಯ ಶತಮಾನದ ಸುರುವಿನಲ್ಲಿ ಇಂಥ ಬೀಳಗಿಯ ಒಂದು ಮುಸಲ್ಮಾನ ಕಲಾವಿದರ ಮನೆಯಲ್ಲಿ ಅಮೀರ್ ಹುಟ್ಟಿದಳು. ಅಪ್ಪ ಹುಸೇನಸಾಬ ತಬಲಾ ನುಡಿಸುವವನು. ಅವ್ವ ಅಮೀನಾಬಿ ಹಾಡುವವಳು. ಮನೆ ತುಂಬ ಹೆಣ್ಣುಮಕ್ಕಳು. ಅವರಲ್ಲಿ ಇಬ್ಬರು ಹೆಸರು ಮಾಡಿದರು, ಅಕ್ಕ ಗೋಹರ, ತಂಗಿ ಅಮೀರ.

ಹೊಲ ಇದ್ದವರ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಮಗ್ಗ ಇದ್ದವರ ಮಕ್ಕಳು ಕುಣಿಗೆ ಇಳಿಯುತ್ತಾರೆ. ತಬಲಾ ಇದ್ದ ಮನೆಯ ಮಕ್ಕಳು ಕಂಪನಿಗೆ ಹೋಗುತ್ತಾರೆ. ಇದರಲ್ಲಿ ಪವಾಡವೇನೂ ಇಲ್ಲ. ಹುಟ್ಟು ಪ್ರತಿಭೆ, ದೈವದತ್ತ ಕಂಠ ಅಂತೆಲ್ಲ ಬರೆಯುವವರು ಇದನ್ನೊಂದು ಮುಚ್ಚಿಡುತ್ತಾರೆ. ಸಂಗೀತ ಈ ಮನೆಗಳಲ್ಲಿ ದುಡಿಮೆ. ರೊಟ್ಟಿ ಬಡಿದಷ್ಟೇ ದುಡಿಮೆ.

ಆ ಕಾಲದ ನಾಟಕ ಕಂಪನಿ ಅಂದರೆ ಏನು ಅನ್ನುವುದನ್ನು ನಮ್ಮ ಇಂದಿನ ವಿದ್ಯಾರ್ಥಿ ಗೆಳೆಯರು ತಿಳಿಯಬೇಕು. ನಮ್ಮ ಕಡೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ತಿಂಗಳುಗಟ್ಟಲೆ ನಾಟಕ ನಡೆಯುತ್ತವೆ, ಬೆಳ್ಳಬೆಳತನಕ. ಅದನ್ನು ನೋಡಿದವರಿಗೆ ಸ್ವಲ್ಪ ಅಂದಾಜು ಸಿಕ್ಕೀತು. ಆದರೆ ಆಗ ಮೈಕಿಲ್ಲ. ಗ್ಯಾಸ್‌ಬತ್ತಿಯ ಬೆಳಕು, ಕಾಲಪೆಟಿಗಿ, ತಬಲಾ. ಹಾಡುವವಳ ಧ್ವನಿ ಪರದೆಯ ಮುಂದಿನಿಂದ ಹೊರಟು ಕುರ್ಚಿಯ ಸಾವಕಾರರನ್ನು ದಾಟಿ, ಹಿಂದೆ ನೆಲದ ಮೇಲೆ ಕೂತ ಗುಳೇದಗುಡ್ಡದ, ಇಳಕಲ್ಲಿನ ನೇಕಾರರನ್ನು ಮುಟ್ಟಬೇಕು. ಮುಟ್ಟದಿದ್ದರೆ ಅವರು ಸುಮ್ಮನೆ ಕೂರುವವರಲ್ಲ. ಮುಟ್ಟಿದರೆ 'ಒನ್ಸ್ ಮೋರ್'. ಒಂದೇ ಪದವನ್ನು ನಾಲ್ಕು ಸಲ, ಐದು ಸಲ. ಈ ಕಂಪನಿಗಳಲ್ಲಿ ಬೆಳೆದ ಹುಡುಗಿಗೆ ಎದೆಯಿಂದ ಧ್ವನಿ ತೆಗೆಯುವುದು ಯಾವ ಗುರುವೂ ಹೇಳಿಕೊಡದೆ ಬರುತ್ತಿತ್ತು. ಭಾಷೆಯೂ ಹಾಗೆಯೇ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಪದಗಳ ಧಾಟಿ ಮರಾಠಿಯದು, ನಡುನಡುವೆ ಪಾರ್ಸಿ ಕಂಪನಿಯಿಂದ ಬಂದ ಉರ್ದು ಗಜಲು. ಬಿ.ಎ. ಓದಿದ ನಮಗೆ ಎರಡು ಭಾಷೆ ನೆಟ್ಟಗೆ ಬರುವುದಿಲ್ಲ. ಆ ಹುಡುಗಿಯರು ನಾಲ್ಕು ಭಾಷೆಯಲ್ಲಿ ಅಳಿಸುತ್ತಿದ್ದರು, ನಗಿಸುತ್ತಿದ್ದರು.

ಮರಾಠಿ ಧಾಟಿ ಅಂದೆವಲ್ಲ, ಇಲ್ಲಿ ಒಂದು ಮಾತು. ಮರಾಠಿ ನಾಟಕಗಳನ್ನು ನೋಡಿ ಕನ್ನಡ ಕಂಪನಿಗಳು ಕಲಿತವು ಅಂತ ಹೇಳುವುದು ರೂಢಿ. ಆದರೆ 1843ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದು ಉತ್ತರ ಕನ್ನಡದ ಕರ್ಕಿಯಿಂದ ಹೋದ ಭಾಗವತರ ಆಟ ನೋಡಿದ ಮೇಲೆ. ಕಲೆ ಹಿಂಗ ಹೋಗತೈತಿ, ಹಂಗ ಬರತೈತಿ. ಅದಕ್ಕೆ ಗಡಿ ಹಾಕಿ ಹಕ್ಕು ಸ್ಥಾಪಿಸುವವರು ಆಡುವವರಲ್ಲ, ಆಡಿಸುವವರು.

ಕಂಪನಿಯ ಇತಿಹಾಸದಲ್ಲೂ ಮೇಲು ಕೀಳು ಉಂಟು. ಹುನಗುಂದ ಸೀಮೆಯ ಕಂದಗಲ್ಲಿನ ಹನುಮಂತರಾಯರು 'ರಕ್ತರಾತ್ರಿ'ಯಂಥ ನಾಟಕಗಳನ್ನು ಬರೆದರು. ದೊಡ್ಡ ನಾಟಕಕಾರರು. ಅವರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಅಂದರು, ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿಟ್ಟರು. ಒಳ್ಳೆಯದೇ. ಬರೆದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಅದೇ ಕಾಲದಲ್ಲಿ ಇಂಥ ನಾಟಕಗಳ ಪದಗಳನ್ನು ಗಂಟಲು ಹರಿಯುವಂತೆ ಹಾಡಿದ ಹೆಂಗಸರು? ಅವರು 'ಪಾತ್ರದವರು'. ನಮ್ಮ ಕಡೆ ಆ ಶಬ್ದವನ್ನು ಯಾವ ರಾಗದಲ್ಲಿ ಅನ್ನುತ್ತಾರೆ ಅನ್ನುವುದು ಓದುಗರಿಗೆ ಗೊತ್ತು.

ಗಂಗೂಬಾಯಿ ಹಾನಗಲ್ಲರೇ ಹೇಳಿದ್ದುಂಟು. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ ಆಗುತ್ತಾನೆ, ಹಿಂದುವಾದರೆ ಪಂಡಿತ ಆಗುತ್ತಾನೆ, ಹೆಂಗಸು ಮಾತ್ರ ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಮಾತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಮುಂದೆ ಸ್ವಾಗತಗೀತೆ ಹಾಡಲು ಹೋದ ಆ ಹುಡುಗಿಗೆ ಹಾಡು ತಪ್ಪೀತೆಂಬ ಹೆದರಿಕೆ ಇರಲಿಲ್ಲವಂತೆ. ಊಟವಾದ ಮೇಲೆ ಎಲೆ ತೆಗೆಯಲು ತನಗೇ ಹೇಳಿಯಾರೆಂಬ ಹೆದರಿಕೆ ಇತ್ತಂತೆ. 1930ರ ದಶಕದ ಸುರುವಿನಲ್ಲಿ ಮುಂಬಯಿಯ ಗ್ರಾಮಫೋನ್ ಕಂಪನಿ ಆಕೆಯ ರೆಕಾರ್ಡು ತಂದಾಗ ಅದರ ಮೇಲೆ ಹಾಕಿದ್ದು 'ಗಾಂಧಾರಿ' ಎಂಬ ಬೇರೆಯದೇ ಹೆಸರು. ಹಾಡುವ ಮನೆತನದ ಹೆಣ್ಣಿಗೆ ಹೆಸರೇ ಒಂದು ಸಮಸ್ಯೆ. ಅಪ್ಪನ ಹೆಸರು ಹಾಕಿದರೆ ಕೆಲವರಿಗೆ ಸಿಟ್ಟು, ಜಾತಿ ಹೇಳಿದರೆ ಎಲ್ಲರಿಗೂ ನಗೆ. ಹಾಗಾಗಿ ಊರ ಹೆಸರು, ನಾಡ ಹೆಸರು. 'ಕರ್ನಾಟಕಿ' ಅನ್ನುವುದನ್ನು ಬರೀ ನಾಡಪ್ರೇಮ ಅಂತ ನಾವು ಓದಲಾರೆವು. ಬೇರೆ ಯಾವ ವಿಳಾಸವೂ ಮರ್ಯಾದೆ ಕೊಡದಿದ್ದಾಗ ಮನುಷ್ಯರು ಹಿಡಿಯುವ ವಿಳಾಸ ಅದು. ನಮ್ಮ ಕೇರಿಗಳಿಂದ ಹೊರಬಿದ್ದು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅಡ್ಡಹೆಸರು ಬರೆಸುವಾಗ ಪೆನ್ನು ನಿಲ್ಲಿಸಿ ಯೋಚಿಸಿದವರಿಗೆ ಇದು ತಿಳಿದೀತು.

1931ರಲ್ಲಿ 'ಆಲಂ ಆರಾ' ಬಂದು ಸಿನಿಮಾ ಮಾತಾಡಿತು. ಮಾತಾಡಿದ್ದಕ್ಕಿಂತ ಹೆಚ್ಚು ಹಾಡಿತು. 1932ರ 'ಇಂದ್ರಸಭಾ'ದಲ್ಲಿ ಎಪ್ಪತ್ತರಷ್ಟು ಹಾಡು. ಹಿನ್ನೆಲೆ ಗಾಯನದ ಯಂತ್ರ ಇನ್ನೂ ಬಂದಿರಲಿಲ್ಲ, ಹಾಡುವವರೇ ನಟಿಸಬೇಕು. ಕುಲೀನ ಮನೆತನದ ಹೆಂಗಸರು ಕ್ಯಾಮರಾದ ಮುಂದೆ ಬರುವುದು ಅಪರೂಪ. ಹೀಗಾಗಿ ಹಾಡೂ ಬರುವ, ಪಾತ್ರವೂ ಬರುವ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಮುಂಬಯಿ ಕಂಪನಿ ನಾಟಕಗಳ ಕಡೆ, ಕೋಠಿಗಳ ಕಡೆ ತಿರುಗಿತು. ಬಂಡವಾಳಕ್ಕೆ ಮಡಿ ಇಲ್ಲ, ಲಾಭ ಬಂದರೆ ಸಾಕು. ಗೋಹರ ಮೊದಲು ಹೋದಳು. ತಂಗಿ ಹದಿನೈದರ ಆಸುಪಾಸಿನಲ್ಲೇ ಮುಂಬಯಿ ಸೇರಿದಳೆಂದು ಹೇಳುತ್ತಾರೆ. ಅಕ್ಕನ ಕೈ ಹಿಡಿದು 1934ರಲ್ಲಿ 'ವಿಷ್ಣುಭಕ್ತಿ' ಎಂಬ ಚಿತ್ರದಲ್ಲಿ ಕಾಣಿಸಿಕೊಂಡಳು.

ಅದೇ 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡಿತು, ಅದನ್ನು ತೆಗೆದದ್ದೂ ಕೊಲ್ಲಾಪುರದಲ್ಲಿ. ಅದೇ 1934ರಲ್ಲಿ ಮುಂಬಯಿ ಪ್ರಾಂತದ ಸರಕಾರ ದೇವದಾಸಿ ರಕ್ಷಣಾ ಕಾಯ್ದೆ ತಂದಿತು. ಆ ಕಾಯ್ದೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು ನಮ್ಮ ಕೇರಿಯ ಹೆಣ್ಣುಮಕ್ಕಳೇ. 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಬೇಕಾಯಿತು ಅಂದರೆ ಮೊದಲನೆಯದು ಎಷ್ಟು ನಡೆಯಿತು ಅನ್ನುವುದನ್ನು ಓದುಗರೇ ಲೆಕ್ಕ ಹಾಕಲಿ. ಆದರೆ ಸುಧಾರಕರ ಕಣ್ಣಿಗೆ ಒಂದು ದೋಷ ಇತ್ತು. ಕಟ್ಟಿಸಿದ ಗೌಡ ಕಾಣುತ್ತಿರಲಿಲ್ಲ, ಹಾಡುವ ಹೆಣ್ಣು ಕಾಣುತ್ತಿದ್ದಳು. ಹಾಡುವವಳೆಲ್ಲ ಕೆಟ್ಟವಳು ಅನ್ನುವ ಮಾತಿಗೆ ಈಗ ಸುಧಾರಣೆಯ ಮುದ್ರೆಯೂ ಬಿತ್ತು. ಅಮೀರಬಾಯಿ ದೇವದಾಸಿಯಲ್ಲ. ಆದರೂ ಆ ಕಣ್ಣಿನಿಂದ ಆಕೆಯನ್ನೂ ನೋಡಿದರು. ಅಕ್ಕ ಗೋಹರಳನ್ನಂತೂ ಸುಟ್ಟರು.

ಗೋಹರಬಾಯಿಯ ಕತೆಯನ್ನು ಇಲ್ಲಿ ಬಿಡುವಂತಿಲ್ಲ. (ಕಲಕತ್ತೆಯ ಗೋಹರ್ ಜಾನ್ ಬೇರೆ. 1902ರಲ್ಲೇ ರೆಕಾರ್ಡು ಕೊಟ್ಟು, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡವಳು ಆಕೆ. ಇಬ್ಬರನ್ನೂ ಕಲಸಿ ಬರೆಯುವವರಿದ್ದಾರೆ.) ಮರಾಠಿ ರಂಗಭೂಮಿಯ ದೇವರು ಬಾಲಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ. ಬ್ರಾಹ್ಮಣ ಗಂಡಸು, ಸ್ತ್ರೀಪಾತ್ರ ಮಾಡುವವನು. ಅವನು ಸೀರೆ ಉಟ್ಟ ಚಂದ ನೋಡಿ ಪುಣೆಯ ಗೃಹಿಣಿಯರು ಹಾಗೆಯೇ ಸೀರೆ ಉಡುತ್ತಿದ್ದರು, ಹಾಗೆಯೇ ಹೂ ಮುಡಿಯುತ್ತಿದ್ದರು. 1931ರಲ್ಲಿ ಅವನು 'ಕಾನ್ಹೋಪಾತ್ರಾ' ಆಡಿದ. ಕಾನ್ಹೋಪಾತ್ರಾ ಕುಣಿಯುವವಳ ಮಗಳು, ಪಂಢರಪುರದ ವಿಠ್ಠಲನ ಭಕ್ತೆಯಾದವಳು. ಸೂಳೆಯ ಮಗಳ ಪಾತ್ರವನ್ನು ಬ್ರಾಹ್ಮಣ ಗಂಡಸು ಮಾಡಿದಾಗ ಜನ ಕೈ ಮುಗಿದು ಕಣ್ಣೀರಿಟ್ಟರು. ಕೆಲವೇ ವರ್ಷಗಳಲ್ಲಿ ಬಿಜಾಪುರ ಸೀಮೆಯಿಂದ ಬಂದ ನಿಜವಾದ ಹಾಡುವ ಹೆಣ್ಣು, ಅದೂ ಮುಸಲ್ಮಾನಳು, ಅವನ ಕಂಪನಿಯಲ್ಲಿ ನಾಯಕಿಯಾಗಿ ನಿಂತಾಗ ಅದೇ ಜನ ಕಲ್ಲು ಎತ್ತಿಕೊಂಡರು. ಅವನ ಕಂಪನಿ ಆಗಲೇ ಸಾಲದಲ್ಲಿ ಮುಳುಗಿತ್ತು. ಅದ್ದೂರಿ ಪರದೆ, ನಿಜದ ಅತ್ತರು, ಲೆಕ್ಕವಿಲ್ಲದ ಖರ್ಚು, ಮೇಲೆ ಬಂದ ಟಾಕೀಸಿನ ಹೊಡೆತ. ಆದರೆ ಹಾಳಾಗಿದ್ದಕ್ಕೆ ಕಾರಣ ಯಾರು ಅಂದರೆ ಗೋಹರ. ಗಂಡಸು ಮುಳುಗಿದರೆ ಯಾವುದಾದರೂ ಹೆಣ್ಣಿನ ಹೆಸರು ಬೇಕಲ್ಲ! 1951ರಲ್ಲಿ ಅವರಿಬ್ಬರೂ ಮದುವೆಯಾದರು. ಕಾಲು ಹೋದ ಮುದುಕನನ್ನು ಕೊನೆಯ ತನಕ ನೋಡಿಕೊಂಡವಳು ಆಕೆಯೇ. ಭಕ್ತರ್ಯಾರೂ ಅಲ್ಲ. 1964ರಲ್ಲಿ ಆಕೆ ಸತ್ತಳು, 1967ರಲ್ಲಿ ಅವನು. 1968ರಲ್ಲಿ ಪುಣೆಯಲ್ಲಿ ಬಾಲಗಂಧರ್ವ ರಂಗಮಂದಿರ ಎದ್ದಿತು.

ತಂಗಿಯ ದಾರಿ ಬೇರೆಯಾಯಿತು. 1934ರಿಂದ ಎಂಟೊಂಬತ್ತು ವರ್ಷ ಆಕೆಗೆ ದೊಡ್ಡ ಹೆಸರೇನೂ ಬರಲಿಲ್ಲ. ಸಣ್ಣ ಪಾತ್ರ, ಸಣ್ಣ ಹಾಡು. ಗ್ರಾಮಫೋನಿಗೆ ಹಾಡಿದ ಕವ್ವಾಲಿ ಜನಕ್ಕೆ ಹಿಡಿಸಿತು. 1940ರ 'ನರಸಿ ಭಗತ್' ಚಿತ್ರದಲ್ಲಿ ವಿಷ್ಣುಪಂತ ಪಗನೀಸರ ಜೊತೆ ನರಸಿ ಮೆಹತಾನ ವೈಷ್ಣವ ಭಜನೆ ಹಾಡಿದಳು. ಗಾಂಧೀಜಿಗೆ ಪ್ರಿಯವಾದ ಭಜನೆ ಅದು. ಆಕೆಯ ಕಂಠದಲ್ಲಿ ಕೇಳಿ ಗಾಂಧೀಜಿ ಬಹಳ ಮೆಚ್ಚಿದ್ದರೆಂದು ಆಕೆಯ ಬಗ್ಗೆ ಬರೆದವರು ಹೇಳುತ್ತಾರೆ. 1942ರ 'ಭರತ್ ಮಿಲಾಪ್'ನಲ್ಲೂ ಹಾಡಿದಳು. ರಾಮನ ಕತೆ, ವಿಷ್ಣುವಿನ ಭಕ್ತಿ, ನರಸಿಯ ಭಜನೆ, ಎಲ್ಲಕ್ಕೂ ಬೀಳಗಿಯ ಹುಸೇನಸಾಬನ ಮಗಳ ಗಂಟಲು. ಇದನ್ನು 'ಸೌಹಾರ್ದ' ಅಂತ ಕರೆದು ಭಾಷಣ ಮಾಡುವವರಿದ್ದಾರೆ. ನಮಗೆ ಅದು ಅಷ್ಟು ದೊಡ್ಡ ಶಬ್ದ ಅನಿಸುವುದಿಲ್ಲ. ದೇವರ ಹಾಡು ದುಡಿಯುವವರ ಕೈಯಲ್ಲಿತ್ತು, ಅಷ್ಟೇ. ಗುಡಿಯ ಮುಂದೆ ಹಲಗಿ ಬಾರಿಸುವವರು ಯಾರು? ಉಡಿ ತುಂಬುವಾಗ ಚೌಡಕಿ ಹಿಡಿದು ಹಾಡುವವರು ಯಾರು? ಒಳಗೆ ಬಿಡದವರ ಧ್ವನಿ ಒಳಗಿನ ದೇವರಿಗೆ ಬೇಕು.

1943ರ ಜನವರಿಯಲ್ಲಿ 'ಕಿಸ್ಮತ್' ಬಂತು. ಬಾಂಬೆ ಟಾಕೀಸ್ ತೆಗೆದದ್ದು, ಸಂಗೀತ ಅನಿಲ್ ಬಿಸ್ವಾಸ್, ಹಾಡು ಬರೆದವನು ಪ್ರದೀಪ್. ನಾಯಕಿ ಮುಮ್ತಾಜ್ ಶಾಂತಿಗೆ ಧ್ವನಿ ಕೊಟ್ಟವಳು ಅಮೀರಬಾಯಿ. ಕಲಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಅದು 187 ವಾರ ಓಡಿತು. ಮೂರು ವರ್ಷಕ್ಕೂ ಮೇಲೆ. ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿದ್ದ ಬರಗಾಲವೂ ಅದೇ 1943ರದು. ಅಂಥ ಊರಿನಲ್ಲಿ ಜನ ಏನು ಕೇಳಲು ಬರುತ್ತಿದ್ದರು? ಕೃಷ್ಣನನ್ನು ಕೂಗಿ ಕರೆದು ನಿನ್ನ ಬಿಟ್ಟರೆ ನನಗೆ ಯಾರು ಅಂತ ಕೇಳುವ ಒಂದು ಹಾಡಿತ್ತು, ಅದು ಆಕೆಯದು. ಮೋಡಕ್ಕೆ ಮೆಲ್ಲಗೆ ಬಾ ಅನ್ನುವ ಜೋಗುಳದಂಥ ಇನ್ನೊಂದು, ಅದೂ ಆಕೆಯದು. ಮತ್ತೊಂದು ಇತ್ತು, ಖಾನ್ ಮಸ್ತಾನಾ ಮತ್ತು ಮೇಳದವರ ಜೊತೆ ಹಾಡಿದ್ದು. ಹಿಂದೂಸ್ತಾನ ನಮ್ಮದು, ಹೊರಗಿನವರು ಸರಿಯಿರಿ ಅನ್ನುವ ಅರ್ಥದ್ದು. 1942ರ ಚಳವಳಿ ಸುರುವಾಗಿ ಆರು ತಿಂಗಳಾಗಿರಲಿಲ್ಲ, ನಾಯಕರೆಲ್ಲ ಜೇಲಿನಲ್ಲಿದ್ದರು. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರು ತಂದಿದ್ದರಿಂದ ಬ್ರಿಟಿಷರ ಸೆನ್ಸಾರು ಅದನ್ನು ಯುದ್ಧದ ಪ್ರಚಾರ ಅಂದುಕೊಂಡು ಬಿಟ್ಟಿತು. ಯಾರಿಗೆ ಹೇಳಿದ್ದು ಅನ್ನುವುದು ನೆಲದ ಮೇಲೆ ಕೂತವರಿಗೆ ತಿಳಿಯಿತು. ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಈ ಹಾಡಿದೆಯೇ, ಹಾಡಿದವಳಿದ್ದಾಳೆಯೇ ಅಂತ ನಮ್ಮ ಮಾಸ್ತರ ಗೆಳೆಯರು ತಮ್ಮ ಪುಸ್ತಕ ತೆಗೆದು ನೋಡಲಿ.

ಅಲ್ಲಿಂದ ನಾಲ್ಕು ವರ್ಷ ಆಕೆಯ ಕಾಲ. 1944ರಲ್ಲಿ ನೌಷಾದರ 'ರತನ್', 1947ರಲ್ಲಿ ಸಿ. ರಾಮಚಂದ್ರರ 'ಶಹನಾಯಿ'. ಉಳಿದವರಿಗೆ ಹಾಡಿಗೆ 500 ರೂಪಾಯಿ ಇದ್ದಾಗ ಆಕೆಗೆ 1000 ಸಿಗುತ್ತಿತ್ತೆಂದು ಹೇಳುತ್ತಾರೆ. 1946ರ ಗುಜರಾತಿ ಚಿತ್ರ 'ರಾಣಕದೇವಿ'ಯಲ್ಲಿ ನನ್ನ ಹಳ್ಳಿಗೆ ಒಮ್ಮೆ ಬಂದು ಹೋಗು ಅಂತ ಕರೆಯುವ ಹಾಡನ್ನು ಹಾಡಿ ಗುಜರಾತಿನ ಮನೆಮಾತಾದಳು. 1948ರ 'ಶಹನಾಜ್' ಚಿತ್ರಕ್ಕೆ ತಾನೇ ಸಂಗೀತ ಕೊಟ್ಟಳು. ಹೆಂಗಸರು ಹಾಡಬೇಕು, ಧಾಟಿ ಹಾಕುವವನು ಗಂಡಸಾಗಿರಬೇಕು ಎಂಬ ಲೋಕದಲ್ಲಿ ಇದು ಸಣ್ಣ ಮಾತಲ್ಲ. ನಾವು ಕೇಳಿದ ಮಟ್ಟಿಗೆ ಆಕೆಯ ಧ್ವನಿಯಲ್ಲಿ ಒಂದು ಒರಟು ಇದೆ, ಜೋಳದ ರೊಟ್ಟಿಯಲ್ಲಿ ಇರುವಂಥದು. ದುಃಖದ ಹಾಡಿನಲ್ಲೂ ಆಕೆ ಬೇಡುವುದಿಲ್ಲ, ಕೇಳುತ್ತಾಳೆ.

ಮನೆಯೊಳಗಿನ ಕತೆ ಹೊಸದಲ್ಲ. ಖಳನ ಪಾತ್ರ ಮಾಡುತ್ತಿದ್ದ ಹಿಮಾಲಯವಾಲಾ ಎಂಬ ನಟನನ್ನು ಮದುವೆಯಾದಳು. ಅವನು ಹೊಡೆಯುತ್ತಿದ್ದ, ದುಡಿದದ್ದನ್ನು ಕಿತ್ತುಕೊಳ್ಳುತ್ತಿದ್ದ ಎಂದು ಆಕೆಯ ಬಾಳಿನ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಬಿಡುಗಡೆ ಪಡೆದಳು. ದೇಶ ಒಡೆದಾಗ ಅವನು ಪಾಕಿಸ್ತಾನಕ್ಕೆ ಹೋದ, ಈಕೆ ಇಲ್ಲೇ ಉಳಿದಳು. ಆಮೇಲೆ ಬದ್ರಿ ಕಾಂಚವಾಲಾ ಎಂಬ ಪತ್ರಕರ್ತನನ್ನು ಮದುವೆಯಾದಳು. ಸಾವಿರ ರೂಪಾಯಿ ದುಡಿಯುವ ಕೈಗೂ ಬೀಗದ ಕೈ ಬೇರೆಯವರ ಸೊಂಟದಲ್ಲಿತ್ತು.

ಹೊರಗೆ ಇನ್ನೊಂದು ಬಾಗಿಲು ಮುಚ್ಚುತ್ತಿತ್ತು. 1946ರಲ್ಲಿ ವಲ್ಲಭಭಾಯಿ ಪಟೇಲರು ರೇಡಿಯೋ ಖಾತೆ ಹಿಡಿದಾಗ, ಖಾಸಗಿ ಬದುಕು ಊರ ಬಾಯಿಗೆ ಬಿದ್ದ ಕಲಾವಿದೆಯರನ್ನು ಆಕಾಶವಾಣಿಗೆ ಸೇರಿಸಬಾರದೆಂಬ ನಿಯಮ ಬಂತು. ಊರ ಬಾಯಿ ಯಾರದು? ನಿಯಮ ಅದನ್ನು ಹೇಳಲಿಲ್ಲ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರರ ಕಾಲಕ್ಕೆ ಸಿನಿಮಾ ಹಾಡುಗಳೇ ಆಕಾಶವಾಣಿಯಿಂದ ಮಾಯವಾದವು, ಜನ ರೇಡಿಯೋ ಸಿಲೋನ್ ತಿರುಗಿಸಿಕೊಂಡರು. ಅದೇ ಕಾಲಕ್ಕೆ ಕಾಬೂಲಿನ ಕತೆಯೂ ಹೆಚ್ಚು ಬೇರೆಯಲ್ಲ. ಅಲ್ಲಿ ಖರಾಬಾತ್ ಎಂಬ ಓಣಿ ಇತ್ತು. 1860ರ ದಶಕದಲ್ಲಿ ದೊರೆ ಶೇರ್ ಅಲಿ ಖಾನ್ ಹಿಂದೂಸ್ತಾನದಿಂದ ಕರೆಸಿಕೊಂಡ ಗವಾಯಿಗಳ ವಂಶದವರು ಅಲ್ಲಿ ಇದ್ದರು. ದೊರೆಗೆ ಅವರ ಹಾಡು ಬೇಕು, ಊರಿಗೆ ಅವರ ಸಂಬಂಧ ಬೇಡ. 1951ರಲ್ಲಿ ಮೀರ್ಮನ್ ಪರ್ವೀನ್ ಕಾಬೂಲ್ ರೇಡಿಯೋದಲ್ಲಿ ಹಾಡಿದ ಮೊದಲ ಅಫ್ಘಾನ್ ಹೆಂಗಸಾದಳು. ಆ ಬಾಗಿಲು ದೊಡ್ಡ ಮನೆತನದ ಹೆಣ್ಣಿಗೆ ಮೊದಲು ತೆರೆಯಿತು, ಓಣಿಯ ಹೆಣ್ಣಿಗಲ್ಲ. 1996ರಲ್ಲಿ, ಮತ್ತೆ 2021ರಲ್ಲಿ ತಾಲಿಬಾನಿಗಳು ಬಂದು ಎಲ್ಲರ ಬಾಯಿಯನ್ನೂ ಒಟ್ಟಿಗೆ ಮುಚ್ಚಿದರು. ಬಂದೂಕು ಹಿಡಿದು ಮುಚ್ಚಿದ್ದು ಜಗತ್ತಿಗೆ ಕಾಣುತ್ತದೆ. ನಮ್ಮಲ್ಲಿ ಅದು ಕಚೇರಿಯ ಕಾಗದದಲ್ಲಿ ಆಯಿತು, ಸದ್ದಿಲ್ಲದೆ.

1949ರ ಹೊತ್ತಿಗೆ 'ಮಹಲ್', 'ಬರಸಾತ್' ಬಂದು ಲತಾ ಮಂಗೇಶಕರ ಧ್ವನಿ ಎಲ್ಲೆಲ್ಲೂ ತುಂಬಿತು. ಲತಾ ದೊಡ್ಡ ಗಾಯಕಿ, ಅವರೂ ನಾಟಕದವರ ಮಗಳೇ. ಇಲ್ಲಿ ಇಬ್ಬರನ್ನು ಜಗಳಕ್ಕೆ ಬಿಡುವುದು ನಮ್ಮ ಉದ್ದೇಶವಲ್ಲ. ಆದರೆ ಹೊಸ ದೇಶಕ್ಕೆ ಬೇಕಾದ ನಾಯಕಿ ಬದಲಾಗಿದ್ದಳು. ಮೈಕಿನ ಹತ್ತಿರ ನಿಂತು ತೆಳ್ಳಗೆ ಹಾಡುವ ಧ್ವನಿ ಮನೆಯ ಹೆಣ್ಣಿನದು ಅನಿಸಿತು. ಎದೆಯಿಂದ ಬರುವ ದಪ್ಪ ಧ್ವನಿ ಮೆಹಫಿಲಿನದು, ಬೀದಿಯದು ಅನಿಸಿತು. ಅಮೀರಬಾಯಿ, ಜೊಹ್ರಾಬಾಯಿ ಅಂಬಾಲೆವಾಲಿ, ಹೆಸರಿನಲ್ಲಿ 'ಬಾಯಿ' ಇದ್ದವರೆಲ್ಲ ಮೂರ್ನಾಲ್ಕು ವರ್ಷದಲ್ಲಿ ಬದಿಗೆ ಸರಿದರು. ಯಂತ್ರ ಬದಲಾಯಿತು, ರುಚಿ ಬದಲಾಯಿತು ಅಂತ ಸಿನಿಮಾ ಇತಿಹಾಸಕಾರರು ಬರೆಯುತ್ತಾರೆ. ರುಚಿಗೂ ಜಾತಿ ಇರುತ್ತದೆ ಅಂತ ನಾವು ಸೇರಿಸುತ್ತೇವೆ. ಆಕೆ ಮತ್ತೆ ಪಾತ್ರಗಳಿಗೆ ಇಳಿದಳು. ಅಮ್ಮನ ಪಾತ್ರ, ನೆರೆಯವಳ ಪಾತ್ರ, ಸಿಕ್ಕಿದ ಪಾತ್ರ.

ಅಕ್ಕ ಹೋದ ಮರುವರ್ಷ, 1965ರ ಮಾರ್ಚ್ 3ರಂದು ಲಕ್ವ ಹೊಡೆದು ತಂಗಿ ತೀರಿಕೊಂಡಳು. ಕನ್ನಡದಲ್ಲಿ ಆಕೆಯ ಬಾಳನ್ನು ಹುಡುಕಿ ಪುಸ್ತಕ ಮಾಡಲು ರಹಮತ್ ತರೀಕೆರೆಯವರೇ ಬರಬೇಕಾಯಿತು. ಅಷ್ಟರಲ್ಲಿ ನಾಲ್ಕು ದಶಕಗಳೇ ಕಳೆದಿದ್ದವು. ಆಕೆಯ ಜೊತೆ ಕೂತು ಮಾತಾಡಿದ ಎಷ್ಟೋ ಜನ ಮಣ್ಣಾಗಿದ್ದರು.

ಬಿಜಾಪುರದಲ್ಲಿ ಆಕೆಯ ಹೆಸರಿನದೊಂದು ಟಾಕೀಸ್ ಆಯಿತು, ಅಮೀರ್ ಟಾಕೀಸ್. ಬೀಳಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಸಂತೆಗೆ ಬಂದವರು ಅಲ್ಲಿ ರಾಜಕುಮಾರನ ಸಿನಿಮಾ ನೋಡಿ ರಾತ್ರಿ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಅಮೀರ್ ಅಂದರೆ ಯಾರ್ರೀ ಅಂತ ನಾವು ಅಂಥ ಹಿರಿಯರನ್ನು ಕೇಳಿದ್ದೇವೆ. ಯಾರೋ ಸಾವಕಾರ ಇರಬೇಕು, ಅಂದರು.